ಮನೆವಾರ್ತೆ: ಕಾರಿನ ಕೂಲಂಟು ಬದಲಿಸುವುದು



ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಪುಣೆಯಲ್ಲಿರುವ ನಮ್ಮವರಿಗೆಲ್ಲ ಊರಿನ ದಾರಿ ಕಣ್ಣಮುಂದೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಅಂತಹುದೇ ಒಂದು ಮೇ ತಿಂಗಳಲ್ಲಿ ನಾವೂ ಕಾರಿನಲ್ಲಿ ಧಾರವಾಡಕ್ಕೆ ಹೊರಟೆವು. ಖಂಬಾಟಕಿ ಘಾಟಿನ ಏರಿನಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬದಿಗೆ ನಿಲ್ಲಿಸಿ ಬಾನೆಟ್ಟು ಎತ್ತಿದೆ. ನೀರು ಹೊಯ್ದರಾಯಿತೆಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ನಮ್ಮ ಮನೆಯವರು ಕೂಗಿದರು: “ತಡೀರಿ! ಹಬಿ ಇಳಿಯೂಕಿಂತ ಮೊದಲ ಕುಕ್ಕರಿನ ಮುಚ್ಚಳಾ ತಗೀತಾರೇನ್ರಿ?”

ಇಡೀ ಶಾಸ್ತ್ರ ಆ ಒಂದು ಮಾತಿನಲ್ಲಿಯೇ ಇತ್ತು. ರೇಡಿಯೇಟರಿನ ಮುಚ್ಚಳವೂ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಡುತ್ತದೆ; ಆದ್ದರಿಂದಲೇ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿಯಲ್ಲಿ ಮುಚ್ಚಳ ತೆರೆದರೆ ಒತ್ತಡ ತಟ್ಟನೆ ಇಳಿದು, ದ್ರವ ಉಕ್ಕಿ ಮುಖಕ್ಕೇ ಹಾರುತ್ತದೆ. ಒಂದು ತಾಸು ನೆರಳಿನಲ್ಲಿ ಕುಳಿತೆವು. ನನ್ನ ಮುಖ ಉಳಿಯಿತು.

ತಪ್ಪು ನನ್ನದೇ. ಕೂಲಂಟು ಇಳಿದಾಗಲೆಲ್ಲ ಬೋರಿನ ನೀರು ಸುರಿಯುತ್ತಿದ್ದೆ. ಗಡಸು ನೀರಿನ ಬಿಳಿಯ ಪೊರೆ ಬಚ್ಚಲಿನ ಗೀಸರಿನಲ್ಲಿ ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಕೂಲಂಟೆಂದರೆ ಬರಿಯ ಬಣ್ಣದ ನೀರಲ್ಲ; ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಶುದ್ಧ ನೀರು ಹಾಗೂ ತುಕ್ಕು ತಡೆಯುವ ಮದ್ದು ಕೂಡಿದ ದ್ರವ. ಆ ಮದ್ದು ಬರಬರುತ್ತ ತೀರುವುದರಿಂದ ದ್ರವವನ್ನು ಬದಲಿಸಬೇಕು. ಎಷ್ಟು ವರ್ಷಕ್ಕೆ, ಯಾವ ಜಾತಿಯದು, ಎಷ್ಟು ಲೀಟರು ಎಂಬುದೆಲ್ಲ ಕಾರಿನ ಕೈಪಿಡಿಯಲ್ಲಿರುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ. ಒಂದೇ ಬಣ್ಣದಲ್ಲಿ ಹಲವು ಜಾತಿಗಳಿವೆ. ಇನ್ನೊಂದು ಮಾತು: ಕೂಲಂಟು ಪದೇ ಪದೇ ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿರಬೇಕು. ಮೊದಲು ಅದನ್ನು ಗ್ಯಾರೇಜಿನಲ್ಲಿ ತೋರಿಸಿರಿ.

ಕೆಲಸ ಹೀಗೆ. ರಾತ್ರಿ ನಿಲ್ಲಿಸಿದ ಕಾರಿಗೆ ಬೆಳಿಗ್ಗೆ, ಎಂಜಿನ್ನು ಪೂರ್ತಿ ತಣ್ಣಗಿರುವಾಗ ಕೈ ಹಚ್ಚಿರಿ. ನೆಲ ಸಮನಾಗಿರಲಿ, ಹ್ಯಾಂಡ್‌ಬ್ರೇಕು ಎಳೆದಿರಲಿ, ಫ್ಯಾನು ತಾನಾಗಿ ತಿರುಗದಂತೆ ಕೀಲಿ ನಿಮ್ಮ ಜೇಬಿನಲ್ಲಿರಲಿ. ಮುಚ್ಚಳ ತೆಗೆದು, ರೇಡಿಯೇಟರಿನ ಕೆಳಗೆ ಅಗಲವಾದ ಹಳೆಯ ಟಬ್ಬು ಇಟ್ಟು, ಅಡಿಯ ತಿರುಪನ್ನು ಸಡಿಲಿಸಿರಿ. ತಿರುಪಿಲ್ಲದಿದ್ದರೆ ಕೆಳಗಿನ ರಬ್ಬರು ಕೊಳವೆಯ ಕ್ಲಿಪ್ಪು ಬಿಚ್ಚಬೇಕು. ಜ್ಯಾಕು ಮಾತ್ರ ಎತ್ತಿ ಹಿಡಿದ ಕಾರಿನ ಕೆಳಗೆ ಮಲಗಲೇಕೂಡದು.

ಬಂದ ದ್ರವ ತುಕ್ಕಿನ ಬಣ್ಣದ್ದಾಗಿದ್ದರೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿ, ಎಂಜಿನ್ನು ಸ್ವಲ್ಪ ಹೊತ್ತು ನಡೆಸಿ, ಮತ್ತೆ ಪೂರ್ತಿ ತಣಿದ ಮೇಲೆ ಬಸಿಯಿರಿ. ಬಳಿಕ ತಿರುಪು ಬಿಗಿದು ಹೊಸ ಕೂಲಂಟನ್ನು ನಿಧಾನವಾಗಿ ಹೊಯ್ಯಿರಿ. ಬೆರೆಸಿಯೇ ಮಾರುವ ಕೂಲಂಟಿಗೆ ನೀರು ಸೇರಿಸಬೇಡಿ. ಗಟ್ಟಿಯದಾದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು. ಹೀಟರನ್ನು ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿಟ್ಟೇ ಎಂಜಿನ್ನು ಚಾಲೂ ಮಾಡಿರಿ, ಮುಖ ಬಾಗಿಸಬೇಡಿ. ಒಳಗೆ ಸಿಕ್ಕ ಗಾಳಿ ಗುಳ್ಳೆಗಳಾಗಿ ಹೊರಟು ದ್ರವ ಕೆಳಗಿಳಿಯುತ್ತದೆ. ಅಷ್ಟನ್ನು ತುಂಬಿ ಮುಚ್ಚಿರಿ. ಮರುದಿನ ಬೆಳಿಗ್ಗೆ ಟ್ಯಾಂಕಿನ ಎರಡು ಗೆರೆಗಳ ನಡುವೆ ಇದೆಯೇ ನೋಡಿರಿ.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಬಸಿದ ದ್ರವ ವಿಷ; ಅದೂ ಸಿಹಿಯಾದ ವಿಷ. ಬೀದಿಯ ನಾಯಿ ಬೆಕ್ಕುಗಳು ರುಚಿಗೆ ನೆಕ್ಕಿ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ಗಟಾರಕ್ಕೆ ಚೆಲ್ಲಬೇಡಿ, ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಹೆಸರು ಬರೆದ ಡಬ್ಬಿಯಲ್ಲಿ ಬಿಗಿದು, ಹಳೆಯ ದ್ರವವನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿರಿ. ನೆಲಕ್ಕೆ ಬಿದ್ದುದನ್ನು ಕೂಡಲೆ ಒರೆಸಿ ತೊಳೆಯಿರಿ.

ಅಂದಿನಿಂದ ನಮ್ಮ ಕಾರಿನ ಮುಳ್ಳು ಯಾವ ಘಾಟಿನಲ್ಲಿಯೂ ನಡುಗೆರೆ ದಾಟಿಲ್ಲ. ಆದರೆ ಏರು ಬಂತೆಂದರೆ ನಮ್ಮ ಮನೆಯವರು ಇಂದಿಗೂ ನೋಡುವುದು ಮುಳ್ಳನ್ನಲ್ಲ, ನನ್ನ ಕೈಯನ್ನು!