ಕನ್ನಡ ಉಳಿಸೋಕೆ ಅಂತ ಟಿಕೆಟ್ ತಗೊಳ್ಳಲ್ಲ

ಸಣ್ಣ ಕನ್ನಡ ಸಿನಿಮಾ ಒಂದು ರಿಲೀಸ್ ಆಯ್ತು ಅಂದ್ರೆ ಮೂರನೇ ದಿನ ಒಂದು ವಿಡಿಯೋ ಬರುತ್ತೆ. ಥಿಯೇಟರ್ ಮುಂದೆ ನಿಂತ್ಕೊಂಡು ನಿರ್ದೇಶಕರೋ ಹೀರೋನೋ ಕಣ್ಣಲ್ಲಿ ನೀರು ತುಂಬ್ಕೊಂಡು, ದಯವಿಟ್ಟು ಬನ್ನಿ, ಕನ್ನಡ ಸಿನಿಮಾ ಉಳಿಸಿ ಅಂತ ಕೇಳ್ತಾರೆ. ಹಾಸ್ಟೆಲ್ ಗ್ರೂಪಲ್ಲಿ ಯಾರೋ ಅದನ್ನ ಫಾರ್ವರ್ಡ್ ಮಾಡ್ತಾರೆ, ಹತ್ತು ಜನ ಅಳೋ ಇಮೋಜಿ ಹಾಕ್ತಾರೆ, ಆಮೇಲೆ ಎಲ್ಲರೂ ಮೆಸ್‌ಗೆ ಊಟಕ್ಕೆ ಹೋಗ್ತಾರೆ. ಟಿಕೆಟ್ ಮಾತ್ರ ಯಾರೂ ಬುಕ್ ಮಾಡಲ್ಲ.

ಕನ್ನಡ ಸಂಘದ ಪತ್ರಿಕೆಯಲ್ಲೇ ಹೀಗೆ ಬರೆದ್ರೆ ಬೈಸ್ಕೊಳ್ಳೋದು ಗ್ಯಾರಂಟಿ, ಆದ್ರೂ ಹೇಳಿಬಿಡ್ತೀವಿ. ಕನ್ನಡ ಉಳಿಸೋಕೆ ಅಂತ ನಾವ್ಯಾರೂ ಸಿನಿಮಾಗೆ ಹೋಗಲ್ಲ. ಸಿನಿಮಾ ಚೆನ್ನಾಗಿದೆ ಅಂತ ಗೊತ್ತಾದ್ರೆ ಹೋಗ್ತೀವಿ. ಹೋದ ಮೇಲೆ ಕನ್ನಡ ತಾನಾಗೇ ಕಿವಿಗೆ ಬೀಳುತ್ತೆ, ಕೆಲವು ಸಲ ನಾಲಿಗೆಗೂ ಅಂಟ್ಕೊಳ್ಳುತ್ತೆ.

‘ಸು ಫ್ರಮ್ ಸೋ’ ತಗೊಳ್ಳಿ. 2025ರ ಜುಲೈ 25ಕ್ಕೆ ಬಂತು. ಜೆ.ಪಿ. ತೂಮಿನಾಡು ಅವರ ಮೊದಲ ನಿರ್ದೇಶನ, ಮುಖ್ಯ ಪಾತ್ರನೂ ಅವರದ್ದೇ. ಪೋಸ್ಟರ್‌ನಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದ್ದ ಮುಖ ರಾಜ್ ಬಿ. ಶೆಟ್ಟಿ ಒಬ್ಬರದ್ದೇ, ಅವರೂ ಹೀರೋ ಅಲ್ಲ. ಹೆಸರು ಕೇಳಿದ್ರೆ ಏನೂ ಅರ್ಥ ಆಗಲ್ಲ. ಸೋಮೇಶ್ವರದ ಸುಲೋಚನ ಅಂತ ಒಳಗೆ ಕೂತ ಮೇಲೇ ಗೊತ್ತಾಗೋದು. ಅವರು ಮಾಡಿದ್ದು ಇಷ್ಟೇ: ರಿಲೀಸ್‌ಗೆ ಮುಂಚೆ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಶೋ ಹಾಕಿದ್ರು. ನೋಡಿದವರು ಹೊರಗೆ ಬಂದು ಫೋನ್ ತೆಗೆದ್ರು. ಆ ವೀಕೆಂಡ್‌ಗೆ ಟಿಕೆಟ್ ಸಿಗೋದೇ ಕಷ್ಟ ಆಯ್ತು. ಮುಂದಿನ ವಾರಗಳಲ್ಲಿ ಮಲಯಾಳಂ, ತೆಲುಗಿಗೂ ಡಬ್ ಆಗಿ ಹೋಯ್ತು. ಯಾರೂ ಅಳೋ ವಿಡಿಯೋ ಮಾಡಬೇಕಾಗಿ ಬರಲಿಲ್ಲ.

ನಮ್ಮ ಗ್ಯಾಂಗಲ್ಲಿ ಕಲಬುರಗಿಯವನಿದ್ದಾನೆ, ಮೈಸೂರಿನವಳಿದ್ದಾಳೆ, ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಇಂಗ್ಲಿಷಲ್ಲೇ ಬೆಳೆದವರಂತೂ ಬೇಕಾದಷ್ಟು ಜನ. ಕರಾವಳಿ ಕನ್ನಡ ಯಾರ ಮನೆಮಾತೂ ಅಲ್ಲ. ಆದ್ರೂ ಒಂದು ತಿಂಗಳು ಇಡೀ ಹಾಸ್ಟೆಲ್ ‘ಎಂತ ಮಾರಾಯ’ ಅಂತ ಮಾತಾಡ್ತಿತ್ತು. ಗ್ರೂಪ್ ಪ್ರಾಜೆಕ್ಟಲ್ಲಿ ಯಾರಾದ್ರೂ ಜಾಸ್ತಿ ಬಿಲ್ಡಪ್ ಕೊಟ್ರೆ ‘ರವಿಯಣ್ಣ’ ಅಂತ ಹೆಸರಿಡ್ತಿದ್ರು. ಊರಿಗೆಲ್ಲ ದೊಡ್ಡಣ್ಣ ಆಗಿರೋ ಆ ಪಾತ್ರನ ಶನೀಲ್ ಗೌತಮ್ ಮಾಡಿರೋ ರೀತಿ ನೋಡಿದ್ರೆ, ಅಂಥವರೊಬ್ಬರು ನಿಮ್ಮ ಊರಲ್ಲೂ ಇದ್ದಾರೆ ಅನ್ಸುತ್ತೆ. ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಫೈನ್ ಕಟ್ಟಿ ಬಂದ ನಮ್ಮಂಥವರಿಗೆ, ಒಂದೇ ರಾಜ್ಯದೊಳಗೆ ಇಷ್ಟೊಂದು ಥರದ ಕನ್ನಡ ಇದೆ ಅಂತ ತೋರಿಸಿದ್ದು ಸಿನಿಮಾಗಳೇ. ಪಠ್ಯಪುಸ್ತಕದಲ್ಲಿ ಎಲ್ಲರೂ ಒಂದೇ ಥರ ಮಾತಾಡ್ತಿದ್ರು.

ಹಾಗಂತ ಅದರಲ್ಲಿ ತಪ್ಪೇ ಇಲ್ಲ ಅಂತಲ್ಲ. ಕೊನೆಗೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ಕಥೆ ತಿರುಗುತ್ತೆ, ಒಳ್ಳೇದೇ. ಆದ್ರೆ ಅಲ್ಲಿವರೆಗೂ ಆ ಊರಲ್ಲಿ ಮಾತಾಡೋ ಹೆಂಗಸರು ತುಂಬಾ ಕಮ್ಮಿ. ನಮ್ಮ ಹುಡುಗೀರು ಇಂಟರ್ವಲ್‌ನಲ್ಲೇ ಇದನ್ನ ಹೇಳಿದ್ರು.

‘ಕಾಂತಾರ: ಚಾಪ್ಟರ್ 1’ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ದೊಡ್ಡ ಪರದೆ, ಒಳ್ಳೆ ಸೌಂಡ್ ಇದ್ರೆ ಅದು ನಿಜಕ್ಕೂ ಹಬ್ಬ, ಕ್ಲೈಮ್ಯಾಕ್ಸಲ್ಲಿ ಸೀಟು ನಡುಗುತ್ತೆ. ಆದ್ರೆ 2022ರ ‘ಕಾಂತಾರ’ದಲ್ಲಿ ಶಿವ ಮತ್ತೆ ಅವನ ಗೆಳೆಯರು ಸುಮ್ನೆ ಕೂತು ಹರಟೆ ಹೊಡೀತಾರಲ್ಲ, ಆ ಊರು ನಮಗೆ ಹತ್ರ ಆಗಿದ್ದು ಅಲ್ಲೇ. ಹೊಸದರಲ್ಲಿ ರಾಜ, ಯುದ್ಧ, ಕಾಡು ಎಲ್ಲಾ ದೊಡ್ಡದಾಗಿದೆ, ಹರಟೆಗೆ ಜಾಗ ಕಮ್ಮಿ. ಇಡೀ ದೇಶಕ್ಕೆ ಅರ್ಥ ಆಗ್ಬೇಕು ಅಂತ ಹೊರಟಾಗ ಮೊದಲು ಸೋರಿ ಹೋಗೋದು ಇಂಥ ಮಾತುಗಳೇ ಅಂತ ನಮಗನ್ಸುತ್ತೆ. ಒಪ್ಪದವರು ಕ್ಯಾಂಟೀನ್‌ಗೆ ಬನ್ನಿ.

ಈಗ ಆ ಅಳೋ ವಿಡಿಯೋ ವಿಷಯಕ್ಕೆ ವಾಪಸ್ ಬರೋಣ. ‘ಜನ ಬರ್ತಿಲ್ಲ’ ಅನ್ನೋದು ಅರ್ಧ ಸತ್ಯ. ಸಣ್ಣ ಸಿನಿಮಾ ಬಂದ ವಾರ ಬುಕಿಂಗ್ ಆ್ಯಪ್ ತೆಗೆದು ನೋಡಿ. ಊರಾಚೆ ಮಾಲ್‌ನಲ್ಲಿ ಒಂದೇ ಶೋ, ಅದೂ ಬೆಳಿಗ್ಗೆ ಹತ್ತೂವರೆಗೋ ಹನ್ನೊಂದಕ್ಕೋ. ಆ ಹೊತ್ತಲ್ಲಿ ನಮಗೆ ಲ್ಯಾಬ್ ಇರುತ್ತೆ. ಅಟೆಂಡೆನ್ಸ್ ಶಾರ್ಟೇಜ್ ಬಂದ್ರೆ ನಿರ್ಮಾಪಕರು ಬಂದು ಎಚ್‌ಓಡಿ ಹತ್ರ ಮಾತಾಡ್ತಾರಾ? ಸಾಯಂಕಾಲದ ಶೋ ಎಲ್ಲಾ ಆ ವಾರದ ದೊಡ್ಡ ಸಿನಿಮಾಗೆ. ಬಾಯಿಂದ ಬಾಯಿಗೆ ಸುದ್ದಿ ಹರಡೋಕೆ ಒಂದು ವಾರನಾದ್ರೂ ಬೇಕು. ಸಿನಿಮಾ ಚೆನ್ನಾಗಿದೆಯಂತೆ ಅಂತ ನಮ್ಮ ಕಿವಿಗೆ ಬೀಳೋ ಹೊತ್ತಿಗೆ ಗುರುವಾರ, ಶುಕ್ರವಾರದಿಂದ ಬೇರೆ ಸಿನಿಮಾ.

‘ಮಿಥ್ಯ’ ಎಷ್ಟು ಜನ ನೋಡಿದ್ದೀರಿ? 2025ರ ಮಾರ್ಚಲ್ಲಿ ಬಂತು, ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಿರ್ಮಾಣ. ಅಪ್ಪ ಅಮ್ಮನ್ನ ಕಳ್ಕೊಂಡ ಹುಡುಗ ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರ್ತಾನೆ. ಇಷ್ಟೇ ಕಥೆ. ಹುಡುಗ ಅಳಲ್ಲ, ಸಿನಿಮಾನೂ ನಮ್ಮನ್ನ ಬಲವಂತವಾಗಿ ಅಳಿಸಲ್ಲ, ಅದಕ್ಕೇ ಗಂಟಲು ಕಟ್ಟುತ್ತೆ. ‘ಸು ಫ್ರಮ್ ಸೋ’ದಲ್ಲಿ ನೀವೆಲ್ಲ ನಕ್ಕು ನಕ್ಕು ಸುಸ್ತಾಗಿದ್ದ ಪ್ರಕಾಶ್ ತೂಮಿನಾಡು ಇದರಲ್ಲೂ ಇದ್ದಾರೆ, ಬೇರೇನೇ ಮನುಷ್ಯ. ಕ್ಲಾಸಲ್ಲಿ ಅರವತ್ತು ಜನರನ್ನ ಕೇಳಿದ್ವಿ, ಹೆಸರು ಕೇಳಿದ್ದವರೇ ನಾಲ್ಕು ಜನ.

ಓಟಿಟಿಗೆ ಬಂದಾಗ ನೋಡೋಣ ಬಿಡು ಅಂತ ಹೇಳೋರಿಗೆ ಒಂದು ವಿಷಯ ಗೊತ್ತಿರಲಿ. ಬಂದೇ ಬರುತ್ತೆ ಅಂತ ಏನೂ ಗ್ಯಾರಂಟಿ ಇಲ್ಲ. ‘ಏಕಂ’ ಅನ್ನೋ ಏಳು ಕಥೆಗಳ ಕನ್ನಡ ವೆಬ್ ಸೀರೀಸ್‌ನ ಯಾವ ಓಟಿಟಿಯೂ ತಗೊಳ್ಳದೆ, 2024ರಲ್ಲಿ ಅವರೇ ಸ್ವಂತ ವೆಬ್‌ಸೈಟ್ ಮಾಡಿ ದುಡ್ಡಿಗೆ ತೋರಿಸಬೇಕಾಯ್ತು. ಅದರ ಹಿಂದೆ ಇದ್ದಿದ್ದು ರಕ್ಷಿತ್ ಶೆಟ್ಟಿ ಸಂಸ್ಥೆ. ಅಂಥವರಿಗೇ ಹೀಗಾದ್ರೆ ಹೊಸಬರ ಗತಿ ಏನು?

ಇನ್ನು ರೇಟು. ತಿಂಗಳ ಖರ್ಚಿಗೆ ಮನೆಯಿಂದ ಬರೋ ದುಡ್ಡಲ್ಲಿ ಮಲ್ಟಿಪ್ಲೆಕ್ಸ್ ಟಿಕೆಟ್, ಬಸ್ಸು, ಪಾಪ್‌ಕಾರ್ನ್ (ಪಾಪ್‌ಕಾರ್ನ್ ಬಿಟ್ಟುಬಿಡಿ, ಅದು ಶ್ರೀಮಂತರ ಊಟ) ಅಂತ ಲೆಕ್ಕ ಹಾಕಿದ್ರೆ ತಿಂಗಳಿಗೆ ಒಂದೇ ಸಿನಿಮಾ. ಒಂದೇ ಅಂದ್ರೆ ಎಲ್ಲರೂ ದೊಡ್ಡದನ್ನೇ ಆರಿಸ್ತಾರೆ, ಗೊತ್ತಿಲ್ಲದ ಸಿನಿಮಾ ಮೇಲೆ ಯಾರು ಜೂಜಾಡ್ತಾರೆ? 2025ರ ಸೆಪ್ಟೆಂಬರಲ್ಲಿ ಸರ್ಕಾರ, ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ತಗೊಳ್ಳಂಗಿಲ್ಲ ಅಂತ ನಿಯಮ ತಂದಾಗ ಹಾಸ್ಟೆಲಲ್ಲಿ ಸಣ್ಣ ಹಬ್ಬನೇ ಆಯ್ತು. ತಿಂಗಳು ಮುಗಿಯೋದ್ರೊಳಗೆ ಹೈಕೋರ್ಟ್ ತಡೆಯಾಜ್ಞೆ ಕೊಡ್ತು. ಕೋರ್ಟಿಗೆ ಹೋದವರಲ್ಲಿ ಮಲ್ಟಿಪ್ಲೆಕ್ಸ್‌ನವರ ಜೊತೆ ‘ಕಾಂತಾರ’ ತೆಗೆದ ಹೊಂಬಾಳೆಯವರೂ ಇದ್ರು. ಕೋಟಿಗಟ್ಟಲೆ ಹಾಕಿದವರು ವಾಪಸ್ ತಗೋಬೇಕು ಅನ್ನೋದು ಅರ್ಥ ಆಗುತ್ತೆ, ಕೋರ್ಟಿಗೆ ಹೋಗೋದು ಅವರ ಹಕ್ಕು. ಆದ್ರೆ ಒಂದು ಕಡೆ ರೇಟಿಗೆ ಮಿತಿ ಬೇಡ ಅನ್ನೋ ಉದ್ಯಮ, ಇನ್ನೊಂದು ಕಡೆ ಕನ್ನಡದ ಪ್ರೀತಿಗೆ ಬನ್ನಿ ಅಂತ ಕರೆಯೋದು ಯಾಕೋ ಸರಿ ಹೋಗ್ತಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಾಲೇಜುಗಳಿರೋ ಏರಿಯಾದಲ್ಲಿ ಸಾಯಂಕಾಲ ಆರರ ಮೇಲೆ ಒಂದು ಶೋ. ಐಡಿ ಕಾರ್ಡ್ ತೋರಿಸಿದ್ರೆ ನೂರು ರೂಪಾಯಿ ಟಿಕೆಟ್. ರಿಲೀಸ್‌ಗೆ ಎರಡು ದಿನ ಮುಂಚೆ ಒಂದು ಪ್ರೀಮಿಯರ್. ಆಡಿಟೋರಿಯಂಗೆ ಬಂದು ಕುಣಿದು, ಟ್ರೇಲರ್ ಹಾಕಿ ಹೋಗೋ ಪ್ರಮೋಷನ್‌ಗಿಂತ ಇದು ಸಾವಿರ ಪಾಲು ಮೇಲು. ಚೆನ್ನಾಗಿದ್ರೆ ಉಳಿದ ಪ್ರಚಾರ ನಾವು ಪುಕ್ಕಟೆ ಮಾಡ್ತೀವಿ. ಚೆನ್ನಾಗಿಲ್ಲ ಅಂದ್ರೆ ಅದನ್ನೂ ಪುಕ್ಕಟೆ ಮಾಡ್ತೀವಿ, ಆ ರಿಸ್ಕ್ ಅವರದ್ದು.

ಮುಂದೆ ಬರೋ ಸಿನಿಮಾಗಳಲ್ಲಿ ‘ಟಾಕ್ಸಿಕ್’ಗೆ ಯಾರೂ ನಮ್ಮನ್ನ ಕರೀಬೇಕಿಲ್ಲ, ಯಶ್ ಇದ್ದಾರೆ. ಕುತೂಹಲ ಇರೋದು ನಿರ್ದೇಶಕಿ ಗೀತು ಮೋಹನ್‌ದಾಸ್ ಬಗ್ಗೆ. ‘ಲೈಯರ್ಸ್ ಡೈಸ್’ ಥರದ ಸದ್ದಿಲ್ಲದ ಸಿನಿಮಾ ಮಾಡಿದವರು ಇಷ್ಟು ದೊಡ್ಡ ಗದ್ದಲದಲ್ಲಿ ಏನು ಮಾಡ್ತಾರೆ? ಕನ್ನಡ, ಇಂಗ್ಲಿಷ್ ಎರಡರಲ್ಲೂ ಶೂಟ್ ಮಾಡಿದ್ದಾರೆ. ನಾವು ಕನ್ನಡದ್ದೇ ನೋಡೋದು, ತುಟಿ ಚಲನೆ ಗಮನಿಸಿಕೊಂಡು. ಹೇಮಂತ್ ರಾವ್ ಅವರ ‘666 ಆಪರೇಷನ್ ಡ್ರೀಮ್ ಥಿಯೇಟರ್’ಗೆ ಶಿವಣ್ಣ, ಧನಂಜಯ ಇಬ್ಬರೂ ಇದ್ದಾರೆ, ಆದ್ರೆ ‘ಸಪ್ತ ಸಾಗರದಾಚೆ ಎಲ್ಲೋ’ ಬರೆದವರ ಹೆಸರು ಸಾಕು, ಮೊದಲ ದಿನವೇ ಹೋಗ್ತೀವಿ. ರಕ್ಷಿತ್ ಶೆಟ್ಟಿಯವರ ‘ರಿಚರ್ಡ್ ಆಂಟನಿ’ ಅನೌನ್ಸ್ ಆಗಿದ್ದು 2021ರಲ್ಲಿ. ಆಗ ನಾವಿನ್ನೂ ಹೈಸ್ಕೂಲು, ಆನ್‌ಲೈನ್ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡಿ ಟೀಸರ್ ನೋಡಿದ್ದು. ಈಗ ಸೆಕೆಂಡ್ ಇಯರ್. ನಮ್ಮ ಗ್ಯಾಂಗಲ್ಲಿ ಎಂ-2 ಬ್ಯಾಕ್ ಇಟ್ಕೊಂಡಿರೋ ಒಬ್ಬ, ಆ ಸಿನಿಮಾ ರಿಲೀಸ್ ಆಗೋದ್ರೊಳಗೆ ಕ್ಲಿಯರ್ ಮಾಡ್ತೀನಿ ಅಂತ ಪಂಥ ಕಟ್ಟಿದ್ದಾನೆ. ಸದ್ಯಕ್ಕೆ ಅವನಿಗೆ ಅವಸರ ಏನೂ ಕಾಣಿಸ್ತಿಲ್ಲ.