ಬದಿಗೊತ್ತಿದ ಕಲ್ಲಿಗೂ ಒಂದು ಪರೀಕ್ಷೆ

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರದ ಸುತ್ತ ಒಡೆದ ಪರಸಿ ಕಲ್ಲಿನ ಗುಡ್ಡೆಗಳು ಹೊಸ ನೋಟವಲ್ಲ. ವಾಡಿ, ಸೇಡಂ, ಚಿಂಚೋಳಿಯ ಸಿಮೆಂಟ್ ಕಾರ್ಖಾನೆಗಳಿಗೂ ಈ ಸೀಮೆಯ ಸುಣ್ಣದಕಲ್ಲೇ ಜೀವಾಳ. ಆದರೆ ಸಿಲಿಕಾ ಅತಿಯಾದ ಕಲ್ಲನ್ನು ಒಳ್ಳೆಯದರ ಜೊತೆ ಬೆರೆಸಬೇಕು, ಇಲ್ಲವೇ ಬದಿಗೊತ್ತಬೇಕು.

ಹನಿ ನೀರಿಲ್ಲದೆ ಇಂಥ ಕಲ್ಲನ್ನು ಹಸನು ಮಾಡುವ ದಾರಿಯೊಂದಿದೆ. ನುಣ್ಣಗೆ ಅರೆದ ಒಣ ಪುಡಿಯ ಕಣಗಳು ಪರಸ್ಪರ ತಿಕ್ಕಿದಾಗ ಸುಣ್ಣದ ಖನಿಜ ಕ್ಯಾಲ್ಸೈಟ್ ಮತ್ತು ಸಿಲಿಕಾದ ಖನಿಜ ಕ್ವಾರ್ಟ್ಜ್ ವಿರುದ್ಧ ವಿದ್ಯುದಂಶ ಪಡೆಯುತ್ತವೆ. ಎರಡು ವಿದ್ಯುದ್ವಾರಗಳ ನಡುವೆ ಹಾಯಿಸಿದರೆ ಒಂದು ಅತ್ತ, ಇನ್ನೊಂದು ಇತ್ತ. ಕೇರಳದ ಚವರದಲ್ಲಿ ಕಡಲ ಮರಳಿನ ಇಲ್ಮೆನೈಟ್, ರೂಟೈಲ್, ಜಿರ್ಕಾನ್ ಬೇರ್ಪಡಿಸಲು ಸ್ಥಿರವಿದ್ಯುತ್ ಯಂತ್ರಗಳು ದುಡಿಯುತ್ತವೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ತಿಕ್ಕಾಟವಲ್ಲ, ಖನಿಜದ ವಿದ್ಯುದ್ವಾಹಕ ಗುಣ. ಅಮೆರಿಕದಲ್ಲಿ ಹಾರುಬೂದಿಯೊಳಗಿನ ಸುಡದ ಇಂಗಾಲವನ್ನು ತಿಕ್ಕಾಟದ ವಿಧಾನದಿಂದ ತೆಗೆಯುವುದು 1990ರ ದಶಕದಿಂದಲೇ ನಡೆದಿದೆ.

ತೊಡಕುಗಳೂ ಇವೆ. ತೇವವಿದ್ದರೆ ಆಟ ಸಾಗದು. ಸಿಲಿಕಾ ಕಣ ಸುಣ್ಣದೊಳಗೆ ತೀರಾ ಹೆಣೆದುಕೊಂಡಿದ್ದರೆ ಅರೆಯುವ ಕರೆಂಟಿನ ಖರ್ಚೇ ಲಾಭವನ್ನು ನುಂಗೀತು. ಒಣಗಿಸುವುದಕ್ಕೆ ಮಾತ್ರ ಕಲಬುರಗಿಯ ಬಿಸಿಲು ಹೇಳಿ ಮಾಡಿಸಿದ್ದು (ಬಿಸಿಲಿಗೂ ಒಂದು ಉಪಯೋಗ!).

ಎಲ್ಲ ಗಣಿಗೂ ಇದು ಒಗ್ಗದಿರಬಹುದು. ಆದರೂ ಹೊಸ ಜಮೀನು ಅಗೆಯಲು ಅನುಮತಿ ಕೊಡುವ ಮುನ್ನ, ಬದಿಗೊತ್ತಿದ ಕಲ್ಲಿನ ಮಾದರಿಗಳನ್ನು ಈ ಪರೀಕ್ಷೆಗೆ ಒಡ್ಡುವಂತೆ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಾರ್ಖಾನೆಗಳಿಗೆ ಸೂಚಿಸಲಿ.