ಮೀಟರ್ ನಮ್ಮ ಗೋಡೆಯ ಮೇಲೆ, ಲೆಕ್ಕ ಯಾರ ಕೈಯಲ್ಲಿ?

2025ರ ಫೆಬ್ರುವರಿಯಲ್ಲಿ ಬೆಸ್ಕಾಂ ಹೊಸ ವಿದ್ಯುತ್ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಸಿಂಗಲ್ ಫೇಸ್ ಮೀಟರಿಗೆ ಸುಮಾರು 5,000 ರೂಪಾಯಿ ಎಂದಾಗ ಜನ ಸಿಟ್ಟಿಗೆದ್ದರು. ಟೆಂಡರಿನಲ್ಲಿ ಅಕ್ರಮ ನಡೆದಿದೆ ಎಂದು ಬಿಜೆಪಿ ಆರೋಪಿಸಿತು, ಇಂಧನ ಸಚಿವ ಕೆ.ಜೆ. ಜಾರ್ಜ್ ಅಲ್ಲಗಳೆದರು, ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿತು. ಬೆಲೆಯ ಪ್ರಶ್ನೆ ಸಣ್ಣದಲ್ಲ. ಕೂಲಿ ಮಾಡಿ ಎರಡು ಕೋಣೆಯ ಮನೆ ಕಟ್ಟಿಕೊಂಡವರಿಗೆ ಐದು ಸಾವಿರ ದೊಡ್ಡ ದುಡ್ಡೇ. ಆದರೆ ಬೆಲೆ ಒಮ್ಮೆ ಕೊಟ್ಟರೆ ಮುಗಿಯಿತು. ಆ ಮೀಟರ್ ಅಳೆದ ಲೆಕ್ಕ ಎಲ್ಲಿ ಕೂರುತ್ತದೆ, ಕರೆಂಟ್ ಕಡಿಯುವ ಅಧಿಕಾರ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ ಮೀಟರ್ ಗೋಡೆಯ ಮೇಲಿರುವಷ್ಟು ಕಾಲವೂ ಉಳಿಯುತ್ತದೆ. ಇಡೀ ಗದ್ದಲದಲ್ಲಿ ಅದನ್ನು ಗಟ್ಟಿಯಾಗಿ ಕೇಳಿದವರು ತೀರಾ ಕಡಿಮೆ.

ಬಸವಕಲ್ಯಾಣ, ಹುಮನಾಬಾದಿನ ನಾವು ಇದನ್ನು ಬೆಂಗಳೂರಿನ ಜಗಳವೆಂದು ಬದಿಗಿಡುವಂತಿಲ್ಲ. ಸ್ಮಾರ್ಟ್ ಮೀಟರ್ ಜಾರಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2024ರಲ್ಲಿ ಹೊರಡಿಸಿದ ನಿಯಮ ಇಡೀ ರಾಜ್ಯದ್ದು. ನಮಗೆ ಕರೆಂಟ್ ಕೊಡುವ ಜೆಸ್ಕಾಂ ಅದಕ್ಕೆ ಹೊರತಲ್ಲ. ಗೋಡೆಗೆ ಬಿಗಿದಾದ ಮೇಲೆ ವಾದಿಸಿ ಪ್ರಯೋಜನವಿಲ್ಲ, ಷರತ್ತು ಹಾಕುವುದಿದ್ದರೆ ಈಗಲೇ ಹಾಕಬೇಕು. ನನ್ನ ಷರತ್ತು ಇಷ್ಟು: ಮನೆಯಲ್ಲಿ ಹುಟ್ಟಿದ ಲೆಕ್ಕ ಮನೆಯಲ್ಲಿರಲಿ, ಊರಲ್ಲಿ ಹುಟ್ಟಿದ ಲೆಕ್ಕ ಊರಲ್ಲಿರಲಿ. ಮೇಲಿನವರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಮೇಲಕ್ಕೆ ಹೋಗಲಿ.

ಈಗಿರುವ ವ್ಯವಸ್ಥೆ ನೋಡಿ. ಹಳೆಯ ಮೀಟರನ್ನು ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ನೋಡುತ್ತಾನೆ, ಬಿಲ್ ಹರಿದು ಕೈಗೆ ಕೊಡುತ್ತಾನೆ. ಸ್ಮಾರ್ಟ್ ಮೀಟರ್ ಹಾಗಲ್ಲ. ಅದು 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸಿ, ಮೊಬೈಲ್ ಜಾಲದ ಮೂಲಕವೋ ಒಂದರಿಂದ ಒಂದಕ್ಕೆ ದಾಟಿಸುವ ರೇಡಿಯೊ ಜಾಲದ ಮೂಲಕವೋ ಕೇಂದ್ರದ ಸರ್ವರಿಗೆ ಕಳಿಸುತ್ತದೆ. ಅದೇ ದಾರಿಯಲ್ಲಿ ಆದೇಶ ಹಿಂದಿರುಗಿ ಬರುತ್ತದೆ. ಮೀಟರಿನೊಳಗೇ ಒಂದು ಸ್ವಿಚ್ ಇದೆ. ಬಾಕಿ ಉಳಿದರೆ ಲೈನ್‌ಮನ್ ಬರಬೇಕಿಲ್ಲ, ದೂರದ ಕೋಣೆಯೊಂದರಲ್ಲಿ ಕೂತವರು ಒತ್ತಿದರೆ ನಮ್ಮ ಮನೆ ಕತ್ತಲಾಗುತ್ತದೆ. ಅಳತೆ, ಸಂಗ್ರಹ, ತೀರ್ಮಾನ, ಶಿಕ್ಷೆ ನಾಲ್ಕೂ ಒಂದೇ ಕಡೆ.

ಅರ್ಧ ಗಂಟೆಯ ಲೆಕ್ಕದಲ್ಲಿ ಏನಿದೆ ಎಂದು ಯಾರಾದರೂ ಕೇಳಬಹುದು. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಮನೆಗೆ ಬೀಗ ಬಿದ್ದು ಎಷ್ಟು ದಿನವಾಯಿತು, ಕೆಲಸ ಹುಡುಕಿ ಪುಣೆಗೋ ಹೈದರಾಬಾದಿಗೋ ಹೋದವರ ಮನೆಯಲ್ಲಿ ರಾತ್ರಿ ದೀಪ ಉರಿಯಿತೋ ಇಲ್ಲವೋ, ಎಲ್ಲವನ್ನೂ ಅದರಿಂದ ಓದಬಹುದು. ಅಮೆರಿಕದ ನೇಪರ್‌ವಿಲ್ ಊರಿನ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2018ರಲ್ಲಿ, 15 ನಿಮಿಷದ ಇಂಥ ದಾಖಲೆಯನ್ನು ಸರ್ಕಾರಿ ಸಂಸ್ಥೆ ಸಂಗ್ರಹಿಸುವುದು ಮನೆಯ ಶೋಧವೇ ಎಂದು ಹೇಳಿತು. ಆ ಊರಿನ ಉದ್ದೇಶ ಮತ್ತು ಕ್ರಮವನ್ನು ನೋಡಿ ಅದಕ್ಕೆ ಅವಕಾಶ ಕೊಟ್ಟಿತಾದರೂ, ಲೆಕ್ಕ ನಿರುಪದ್ರವಿ ಎಂಬ ವಾದವನ್ನು ಒಪ್ಪಲಿಲ್ಲ. ನಮ್ಮಲ್ಲೂ ದಾರಿ ಸ್ಪಷ್ಟವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಕನ್ನಡಿಗರೊಬ್ಬರು ಇಳಿವಯಸ್ಸಿನಲ್ಲಿ ಹೋರಾಡಿ ಗಳಿಸಿಕೊಟ್ಟ ಹಕ್ಕು ಕನ್ನಡ ನಾಡಿನ ಮೀಟರ್ ಪೆಟ್ಟಿಗೆಯ ಬಳಿ ಬಂದು ನಿಂತುಹೋಗಬಾರದು.

ಸ್ವಿಚ್ಚಿನ ಮಾತು ಇನ್ನೂ ಗಂಭೀರ. 2020ರ ಆಗಸ್ಟ್ 12, ಕೃಷ್ಣ ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟ್ ಏಕಾಏಕಿ ಹೋಯಿತು. ಮರ ಬಿದ್ದಿರಲಿಲ್ಲ, ತಂತಿ ಕಡಿದಿರಲಿಲ್ಲ. ಕೇಂದ್ರದಿಂದ ಸ್ಮಾರ್ಟ್ ಮೀಟರುಗಳಿಗೆ ತಪ್ಪು ಆದೇಶ ಹೋಗಿತ್ತು, ಅಷ್ಟೆ. ಬಿಲ್ ಕಟ್ಟಿದವರೂ ಕತ್ತಲಲ್ಲಿ ಕೂತರು. ಒಂದೇ ಕಡೆಯಿಂದ ಎಲ್ಲವನ್ನೂ ಆಳುವ ವ್ಯವಸ್ಥೆಯಲ್ಲಿ ಒಂದು ತಪ್ಪಿಗೆ ಇಷ್ಟು ದೊಡ್ಡ ಬೆಲೆ ಇರುತ್ತದೆ. ಆ ದಿನ ತಪ್ಪಾಗಿ ಹೋದ ಆದೇಶವನ್ನು ನಾಳೆ ಯಾರಾದರೂ ಬೇಕೆಂದೇ ಕಳಿಸಲು ಅದೇ ಬಾಗಿಲು ತೆರೆದಿರುತ್ತದೆ.

ಕಂಪನಿಗಳ ಕಡೆಯ ವಾದ ನಮಗೆ ಗೊತ್ತು. ಸೋರಿಕೆ ತಡೆಯಬೇಕು, ಕಳ್ಳತನ ಹಿಡಿಯಬೇಕು, ಹಗಲಿಗೊಂದು ಸಂಜೆಗೊಂದು ದರ ಹಾಕಬೇಕು, ಅದಕ್ಕೆ ಕ್ಷಣಕ್ಷಣದ ಲೆಕ್ಕ ಬೇಕು ಎನ್ನುತ್ತಾರೆ. ಉದ್ದೇಶ ಸರಿಯಾದದ್ದೇ, ಆದರೆ ಅದಕ್ಕೆ ಈ ದಾರಿಯೇ ಬೇಕಿಲ್ಲ. ಸೋರಿಕೆ ಎಲ್ಲಾಗುತ್ತಿದೆ ಎಂದು ತಿಳಿಯಲು ಟ್ರಾನ್ಸ್‌ಫಾರ್ಮರಿಗೊಂದು ಮೀಟರ್ ಹಾಕಿ, ಅದರಿಂದ ಹೊರಟ ಒಟ್ಟು ಯೂನಿಟ್ಟಿಗೂ ಅದರ ಕೆಳಗಿನ ಮನೆಗಳ ಒಟ್ಟು ಯೂನಿಟ್ಟಿಗೂ ತಾಳೆ ನೋಡಿದರೆ ಆಯಿತು. 10 ಎಚ್.ಪಿ.ವರೆಗೆ ಉಚಿತ ಕರೆಂಟ್ ಪಡೆಯುವ ರೈತರ ಪಂಪ್‌ಸೆಟ್ ಲೆಕ್ಕಕ್ಕೂ ಇದು ಸಾಕು. ಹೊತ್ತಿಗೊಂದು ದರ ಹಾಕುವುದಿದ್ದರೆ, ನಮ್ಮ ಭಾರತೀಯ ಮಾನಕದ ಮೀಟರುಗಳೇ ದಿನವನ್ನು ಹೊತ್ತುಗಳಾಗಿ ವಿಂಗಡಿಸಿ ಪ್ರತಿ ಹೊತ್ತಿನ ಯೂನಿಟ್ಟನ್ನು ಬೇರೆಬೇರೆಯಾಗಿ ಕೂಡಿಸಿಡಬಲ್ಲವು. ತಿಂಗಳ ಕೊನೆಗೆ ಆ ನಾಲ್ಕೈದು ಅಂಕಿ ಹೋದರೆ ಬಿಲ್ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿ ನೋಡಲಂತೂ ತಿಂಗಳಿಗೆ ಒಂದೇ ಅಂಕಿ ಸಾಕು. ಉಳಿದ ಸಾವಿರಾರು ಅಂಕಿಗಳನ್ನು ಯಾವ ಕೆಲಸಕ್ಕಾಗಿ ಒಯ್ಯುತ್ತೀರಿ ಎಂಬುದಕ್ಕೆ ಉತ್ತರ ಕೊಡಬೇಕಾದವರು ಒಯ್ಯುವವರು.

ಇದು ಕನಸಿನ ಮಾತಲ್ಲ. ಬ್ರಿಟನ್ನಿನಲ್ಲಿ ಸ್ಮಾರ್ಟ್ ಮೀಟರ್ ತರುವಾಗ ಮಾಡಿಕೊಂಡ ಕಟ್ಟುಪಾಡಿನಲ್ಲಿ, ಬಿಲ್ಲಿಗಾಗಿ ತಿಂಗಳ ಲೆಕ್ಕ ತೆಗೆದುಕೊಳ್ಳಬಹುದಿತ್ತು, ದಿನದ ಲೆಕ್ಕವನ್ನು ಗ್ರಾಹಕ ಬೇಡವೆನ್ನಬಹುದಿತ್ತು, ಅರ್ಧ ಗಂಟೆಯ ಲೆಕ್ಕಕ್ಕೆ ಅವನ ಸ್ಪಷ್ಟ ಒಪ್ಪಿಗೆ ಬೇಕಿತ್ತು. ನೆದರ್ಲೆಂಡ್ಸಿನ ಸಂಸತ್ತಿನ ಮೇಲ್ಮನೆ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಯನ್ನು ಖಾಸಗಿತನದ ಕಾರಣಕ್ಕೆ ತಡೆಯಿತು. ಆಮೇಲೆ ಬಂದ ಅಲ್ಲಿನ ಮೀಟರಿನಲ್ಲಿ ಮನೆಯವರೇ ತಂತಿ ಸಿಕ್ಕಿಸಿ ತಮ್ಮ ಲೆಕ್ಕ ಓದಿಕೊಳ್ಳುವ ಕಿಂಡಿ ಇದೆ. ಜಗತ್ತಿನ ತಂತ್ರಜ್ಞರೂ ಇದೇ ದಿಕ್ಕಿಗೆ ಹೊರಳುತ್ತಿದ್ದಾರೆ. ಸಾಧನ ಇರುವಲ್ಲೇ ಲೆಕ್ಕ ಮಾಡಿಸುವುದು, ಅಕ್ಕಪಕ್ಕದ ಸಾಧನಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಂತೆ ಮಾಡುವುದು, ಕೇಂದ್ರಕ್ಕೆ ಸಾರಾಂಶ ಮಾತ್ರ ಕಳಿಸುವುದು ಈಗ ಹೊಸ ದಾರಿ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ಒಂದು ಸರ್ವರ್ ವಲಯ ಕೈಕೊಟ್ಟಾಗ ಎಲ್ಲೆಲ್ಲೋ ಇರುವ ಮನೆಗಳ ಬಾಗಿಲ ಕ್ಯಾಮೆರಾಗಳೂ ಸ್ಮಾರ್ಟ್ ಹಾಸಿಗೆಗಳೂ ಕೆಲಸ ನಿಲ್ಲಿಸಿದವು. ದೂರದ ಕೇಂದ್ರವೊಂದನ್ನೇ ನಂಬಿದ ಯಂತ್ರ ಮನೆಯಲ್ಲಿದ್ದೂ ಮನೆಯದಾಗಿರುವುದಿಲ್ಲ.

ಇದೇ ರೋಗ ಮಳೆಯ ಲೆಕ್ಕಕ್ಕೂ ತಗುಲಿದೆ, ನಮ್ಮ ರೈತರಿಗೆ ಅದು ಇನ್ನೂ ಹತ್ತಿರದ ಸಂಗತಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದೆ. ಸೌರ ಫಲಕದಿಂದ ನಡೆಯುವ ಅವು 15 ನಿಮಿಷಕ್ಕೊಮ್ಮೆ ಲೆಕ್ಕವನ್ನು ಬೆಂಗಳೂರಿಗೆ ಕಳಿಸುತ್ತವೆ. ಬೇರೆ ರಾಜ್ಯಗಳು ಹೊಟ್ಟೆಕಿಚ್ಚುಪಡುವಂಥ ಜಾಲ ಇದು, ಅದನ್ನು ಕಟ್ಟಿದವರಿಗೆ ಮೆಚ್ಚುಗೆ ಸಲ್ಲಬೇಕು. ಆದರೆ ಯಂತ್ರ ಪಂಚಾಯಿತಿಯ ಅಂಗಳದಲ್ಲಿ, ದಾಖಲೆ ಆರುನೂರು ಕಿಲೋಮೀಟರಿಗೂ ಆಚೆ. ಯಂತ್ರ ಕೆಟ್ಟು ನಿಂತರೆ ಊರಿಗೆ ತಿಳಿಯುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಈ ಅಂಕಿಯೇ ಪರಿಹಾರವನ್ನು ತೀರ್ಮಾನಿಸುತ್ತದೆ. ಮಳೆಮಾಪಕಗಳು ಕೆಟ್ಟಿದ್ದರಿಂದ ತಮಗೆ ಪರಿಹಾರ ತಪ್ಪಿತು ಎಂದು ಉತ್ತರ ಕನ್ನಡ, ಶಿವಮೊಗ್ಗದ ಅಡಿಕೆ ಬೆಳೆಗಾರರು ಬೀದಿಗಿಳಿದು ಕೂಗಿದ್ದಾರೆ. 2025ರ ಆಗಸ್ಟ್, ಸೆಪ್ಟೆಂಬರ್ ಮಳೆಯಲ್ಲಿ ಬೀದರ್ ಜಿಲ್ಲೆಯ ಹೊಲಗಳಲ್ಲಿ ಹೆಸರು, ಉದ್ದು, ಸೋಯಾ, ತೊಗರಿ ನೀರಲ್ಲಿ ನಿಂತು ಕೊಳೆತದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬ ದಾಖಲೆ ಮೊದಲು ರೈತನ ಊರಲ್ಲಿ ಸಿಗಬೇಕು. ಮಳೆಮಾಪಕದ ಪಕ್ಕದಲ್ಲೇ ಒಂದು ಫಲಕ, ಯಂತ್ರದೊಳಗೇ ವರ್ಷದ ದಾಖಲೆ ಇಟ್ಟುಕೊಳ್ಳುವ ಚಿಪ್, ಪಂಚಾಯಿತಿಗೆ ಅದರ ಪ್ರತಿ, ಇಷ್ಟಕ್ಕೆ ದೊಡ್ಡ ಖರ್ಚಿಲ್ಲ.

ಹಳ್ಳಿಯಲ್ಲಿ ಇಂಥ ಜಾಲ ನಡೆಸುವುದು ಆಗದ ಮಾತು ಎನ್ನುವವರಿಗೆ ಒಂದು ವಿಷಯ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ತರಂಗಪಟ್ಟಿಗೆ ಪರವಾನಗಿ ಬೇಕಿಲ್ಲ. ಲೋರಾ ಎಂಬ ರೇಡಿಯೊ ವಿಧಾನ ಅದನ್ನೇ ಬಳಸುತ್ತದೆ. ಎತ್ತರದ ಕಟ್ಟಡದ ಮೇಲೆ ಒಂದು ಪೆಟ್ಟಿಗೆ ಇಟ್ಟರೆ ಬಯಲು ಸೀಮೆಯಲ್ಲಿ ಹಲವು ಕಿಲೋಮೀಟರ್ ಸುತ್ತಿನ ಸಾಧನಗಳ ಸಣ್ಣ ಸಂದೇಶ ಹಿಡಿಯುತ್ತದೆ, ಸಾಧನದ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 2015ರಲ್ಲಿ ಜನರೇ ಇಂಥ ಪೆಟ್ಟಿಗೆಗಳನ್ನು ಕೊಂಡು ಸಾರ್ವಜನಿಕ ಜಾಲ ಕಟ್ಟಿದರು. ಕುಡಿಯುವ ನೀರಿನ ಟ್ಯಾಂಕಿನ ಮಟ್ಟ, ಕೊಳವೆಬಾವಿಯ ಮೋಟಾರು, ಮಳೆ, ಬೀದಿದೀಪ, ಇವಕ್ಕೆಲ್ಲ ಪಂಚಾಯಿತಿಯದೇ ಒಂದು ಜಾಲ ಸಾಕು. ನೋಡಿಕೊಳ್ಳಲು ನಮ್ಮ ಐಟಿಐ, ಪಾಲಿಟೆಕ್ನಿಕ್ ಓದಿದ ಹುಡುಗ ಹುಡುಗಿಯರಿದ್ದಾರೆ, ಈಗ ಅವರು ಬಸ್ಸು ಹತ್ತಿ ಊರು ಬಿಡುತ್ತಿದ್ದಾರೆ.

ಹಂಚಿಟ್ಟ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎಂದು ನಾನು ಹೇಳುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಮನೆಮನೆಯ ಕ್ಯಾಮೆರಾಗಳನ್ನು ವಶಪಡಿಸಿಕೊಂಡು ಅಮೆರಿಕದ ದೊಡ್ಡದೊಡ್ಡ ಜಾಲತಾಣಗಳನ್ನೇ ಮಲಗಿಸಿತು. ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟದ್ದೇ ಅದಕ್ಕೆ ದಾರಿಯಾಯಿತು. ಆದ್ದರಿಂದ ಪ್ರತಿ ಸಾಧನಕ್ಕೂ ಬೇರೆ ಕೀಲಿ, ಕಾಲಕಾಲಕ್ಕೆ ತಂತ್ರಾಂಶದ ದುರಸ್ತಿ, ಹೊರಗಿನವರ ತಪಾಸಣೆ ಬೇಕೇಬೇಕು. ಆದರೆ ಒಂದು ಊರಿನ ಜಾಲ ಕೆಟ್ಟರೆ ಒಂದು ಊರು ಕೆಡುತ್ತದೆ. ಜೆಸ್ಕಾಂನ ಏಳು ಜಿಲ್ಲೆಗಳ ಕೀಲಿ ಒಂದೇ ಕೋಣೆಯಲ್ಲಿದ್ದರೆ ಏಳು ಜಿಲ್ಲೆಯೂ ಒಟ್ಟಿಗೆ ಕೆಡುತ್ತವೆ.

ಅಧಿಕಾರವನ್ನು ಕೆಳಕ್ಕೆ ಇಳಿಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. 1983ರ ಪಂಚಾಯತ್ ಕಾಯ್ದೆ ರೂಪಿಸಿದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎನಿಸಿಕೊಂಡವರು. ಹಳ್ಳಿಯ ಜನ ತಮ್ಮ ವ್ಯವಹಾರ ತಾವೇ ನಡೆಸಬಲ್ಲರು ಎಂಬ ನಂಬಿಕೆ ಅವರದು. ಆಗ ಅಧಿಕಾರ ಕಡತದಲ್ಲಿತ್ತು, ಈಗ ಅದು ಸರ್ವರಿನಲ್ಲಿದೆ. ದೂರದ ರಾಜಧಾನಿಯಲ್ಲಿ ಆದ ತೀರ್ಮಾನಗಳಿಂದ ಹಿಂದುಳಿದ ಕಲ್ಯಾಣ ಕರ್ನಾಟಕ, 371ಜೆ ವಿಧಿಗಾಗಿ ವರ್ಷಗಟ್ಟಲೆ ಹೋರಾಡಿದ ಕಲ್ಯಾಣ ಕರ್ನಾಟಕ, ಈ ಹೊಸ ಕೇಂದ್ರೀಕರಣವನ್ನು ಪ್ರಗತಿ ಎಂಬ ಹೆಸರಲ್ಲಿ ಒಪ್ಪಿಕೊಳ್ಳಬಾರದು.

ಹಾಗಾಗಿ ಜೆಸ್ಕಾಂ ಮುಂದೆ, ಆಯೋಗದ ಮುಂದೆ, ಸರ್ಕಾರದ ಮುಂದೆ ಐದು ಬೇಡಿಕೆ. ಬಿಲ್ಲಿಗೆ ಬೇಕಾದ ತಿಂಗಳ ಅಂಕಿ ಬಿಟ್ಟು ಬೇರೆ ಯಾವ ಲೆಕ್ಕವೂ ಗ್ರಾಹಕರ ಲಿಖಿತ ಒಪ್ಪಿಗೆಯಿಲ್ಲದೆ ಮನೆಯಿಂದ ಹೊರಹೋಗಬಾರದು. ಮೀಟರಿನಲ್ಲಿರುವ ಪೂರ್ತಿ ದಾಖಲೆಯನ್ನು ಮನೆಯವರು ದುಡ್ಡು ಕೊಡದೆ ಓದಿಕೊಳ್ಳುವ ದಾರಿ ಇರಬೇಕು. ದೂರದಿಂದ ಕರೆಂಟ್ ಕಡಿಯುವ ಪ್ರತಿ ಆದೇಶಕ್ಕೂ ಸ್ಥಳೀಯ ಉಪವಿಭಾಗದ ಅಧಿಕಾರಿಯ ದೃಢೀಕರಣ ಬೇಕು, ಒಂದೇ ಆದೇಶಕ್ಕೆ ನೂರಾರು ಮನೆ ಕತ್ತಲಾಗದಂತೆ ವ್ಯವಸ್ಥೆಯಲ್ಲೇ ಮಿತಿ ಇರಬೇಕು. ಒಂದು ಕಂಪನಿಯ ಮೀಟರ್ ಇನ್ನೊಂದು ಕಂಪನಿಯ ಸರ್ವರಿನೊಂದಿಗೆ ಮಾತಾಡುವ ಮುಕ್ತ ಮಾನಕವನ್ನು ಟೆಂಡರಿನಲ್ಲೇ ಬರೆಯಬೇಕು. ಮಳೆಮಾಪಕದ ದಾಖಲೆ ಪಂಚಾಯಿತಿಯ ಆಸ್ತಿ ಎಂದು ಸರ್ಕಾರ ಆದೇಶ ಹೊರಡಿಸಬೇಕು.

ದರ ಪರಿಷ್ಕರಣೆಗೆ ಮುನ್ನ ಆಯೋಗ ಜೆಸ್ಕಾಂ ಗ್ರಾಹಕರ ಅಹವಾಲನ್ನು ಕಲಬುರಗಿಯಲ್ಲಿ ಕೇಳುತ್ತದೆ. ಆಕ್ಷೇಪಣೆ ಸಲ್ಲಿಸಲು ವಕೀಲರು ಬೇಕಿಲ್ಲ. ಬಸವಕಲ್ಯಾಣ, ಹುಮನಾಬಾದಿನ ರೈತ ಸಂಘಗಳು, ವರ್ತಕರು, ಪಂಚಾಯಿತಿ ಸದಸ್ಯರು ಮುಂದಿನ ವಿಚಾರಣೆಗೆ ಇವುಗಳಲ್ಲಿ ಮೀಟರಿನ ನಾಲ್ಕು ಬೇಡಿಕೆಗಳನ್ನು ಬರೆದು ತರಲಿ, ಯೂನಿಟ್ ದರದ ಜೊತೆಗೆ ಲೆಕ್ಕದ ಒಡೆತನದ ಬಗ್ಗೆಯೂ ಆಯೋಗದಿಂದ ಲಿಖಿತ ಉತ್ತರ ಕೇಳಲಿ.